ಓದುಗರ ಪ್ರಶ್ನೆ, ನಮ್ಮ ಉತ್ತರ: ಲಾವಾ ಕಲ್ಲು ಮತ್ತು ನೆಲದೊಳಗಿನ ನೀರು

ಸಹ್ಯಾದ್ರಿಯ ಕಲ್ಲು ಮತ್ತು ನೀರಿನ ಸಂಬಂಧವನ್ನು ಕುರಿತು ಪುಣೆ, ಮುಂಬಯಿ, ಗೋವಾಗಳ ಓದುಗರಿಂದ ಬಂದ ಪತ್ರಗಳಲ್ಲಿ ಐದನ್ನು ಈ ಸಲ ಆರಿಸಿಕೊಂಡಿದ್ದೇನೆ. ಮೊದಲನೆಯದಕ್ಕೆ ಹೆಚ್ಚು ಜಾಗ ಕೊಟ್ಟಿರುವುದಕ್ಕೆ ಕಾರಣವಿದೆ: ಅದನ್ನು ಬಿಡಿಸಿ ಹೇಳದೆ ಉಳಿದವುಗಳಿಗೆ ಉತ್ತರಿಸುವುದು ಕಷ್ಟ.

ಪ್ರಶ್ನೆ: ನಮ್ಮ ಸೊಸೈಟಿ ಗುಡ್ಡದ ಬುಡದಲ್ಲಿದೆ. ಕಟ್ಟಡದ ಕೆಳಗಿನ ಪಾರ್ಕಿಂಗ್ ಅಂತಸ್ತಿನ ಗೋಡೆಯಿಂದ ಮಳೆಗಾಲ ಮುಗಿದ ಮೇಲೂ ಜನವರಿಯವರೆಗೆ ನೀರು ಒಸರುತ್ತದೆ. ಅದನ್ನು ಪಂಪು ಹಚ್ಚಿ ಚರಂಡಿಗೆ ಬಿಡುತ್ತೇವೆ. ಅದೇ ಆವರಣದ 400 ಅಡಿಯ ಬೋರ್‌ವೆಲ್ ಫೆಬ್ರವರಿಗೆಲ್ಲ ಬತ್ತುತ್ತದೆ, ಆಮೇಲೆ ಟ್ಯಾಂಕರ್ ತರಿಸುತ್ತೇವೆ. ಮೇಲೆ ನೀರು, ಕೆಳಗೆ ಒಣ, ಇದು ಹೇಗೆ? ಇನ್ನೂ ಆಳಕ್ಕೆ ಕೊರೆಸಬೇಕೆ? — ಬಾವಧನ್, ಪುಣೆ

ಉತ್ತರ: ಕೊರೆಸಬೇಡಿ. ಕಾರಣ ತಿಳಿಯಲು ನಿಮ್ಮ ಕಟ್ಟಡ ನಿಂತಿರುವ ಕಲ್ಲು ಹೇಗೆ ಹುಟ್ಟಿತೆಂಬುದನ್ನು ನೋಡಬೇಕು.

ಸುಮಾರು 6.6 ಕೋಟಿ ವರ್ಷಗಳ ಹಿಂದೆ ಈ ಸೀಮೆಯ ನೆಲ ಉದ್ದುದ್ದಕ್ಕೆ ಬಿರಿದು, ಆ ಬಿರುಕುಗಳಿಂದ ಲಾವಾ ಉಕ್ಕಿ ಹರಿಯಿತು. ಒಂದು ಹರಿವು ಆರಿ ಗಟ್ಟಿಯಾದ ಮೇಲೆ ಅದರ ಮೇಲೆ ಇನ್ನೊಂದು, ಮತ್ತೊಂದು, ಹೀಗೆ ಪದರ ಪದರವಾಗಿ ಪೇರಿದ ಬಸಾಲ್ಟ್ ಕಲ್ಲು ಇಂದಿಗೂ ಸುಮಾರು 5 ಲಕ್ಷ ಚದರ ಕಿಲೋಮೀಟರ್ ನೆಲವನ್ನು ಹೊದ್ದುಕೊಂಡಿದೆ. ಮಹಾರಾಷ್ಟ್ರದ ಶೇಕಡ 80ಕ್ಕೂ ಹೆಚ್ಚು ಭಾಗ ಇದರಡಿಯಲ್ಲಿದ್ದು, ನಮ್ಮ ಬೆಳಗಾವಿ, ವಿಜಯಪುರ, ಕಲಬುರಗಿ, ಬೀದರಗಳವರೆಗೂ ಇದು ಹಬ್ಬಿದೆ. ಒಂದೊಂದು ಪದರದ ರಚನೆಯನ್ನು ಅರಿಯಲು ಸೆಟ್ ದೋಸೆಯನ್ನು ನೆನೆಸಿಕೊಂಡರೆ ಸಾಕು. ಹಿಟ್ಟಿನೊಳಗಿನ ಗಾಳಿ ಗುಳ್ಳೆಗಳಾಗಿ ಮೇಲಕ್ಕೇರುವುದರಿಂದ ದೋಸೆಯ ಮೇಲ್ಮೈ ತೂತು ತೂತಾಗಿಯೂ ತಳ ನುಣುಪಾಗಿ ಗಟ್ಟಿಯಾಗಿಯೂ ಇರುತ್ತದೆ. ಲಾವಾದಲ್ಲಿಯೂ ಹಾಗೆಯೇ, ಅನಿಲದ ಗುಳ್ಳೆಗಳು ಮೇಲಕ್ಕೆ ಸೇರಿ ಪ್ರತಿ ಹರಿವಿನ ನೆತ್ತಿ ಸರಂಧ್ರವಾಗುತ್ತದೆ, ನಡುಭಾಗ ನಿಬಿಡವಾದ ಬಂಡೆಯಾಗುತ್ತದೆ. ನಿಮ್ಮ ಗುಡ್ಡವೆಂದರೆ ಇಂಥ ದೋಸೆಗಳ ಒಂದು ಅಟ್ಟಿ.

ನೀರು ನಿಲ್ಲುವುದು ಈ ತೂತುಗಳಿರುವ ನೆತ್ತಿಯಲ್ಲಿ, ಸವೆದು ಸಡಿಲವಾದ ಭಾಗದಲ್ಲಿ ಮತ್ತು ಬಂಡೆಯ ಸೀಳುಗಳಲ್ಲಿ ಮಾತ್ರ. ಈ ಪ್ರದೇಶದಲ್ಲಿ ಬಾವಿ ತೋಡುವವರು ಬಹಳ ಹಿಂದಿನಿಂದ ಇದನ್ನು ಬಲ್ಲರು. ಮೇಲಿನ ಪುಡಿಕಲ್ಲಿಗೆ ಮುರುಂ ಎಂದೂ, ಬಿಳಿ ಚುಕ್ಕೆಗಳಿರುವ ಮೆದು ಕಲ್ಲಿಗೆ ಮಾಂಜರ್ಯಾ ಎಂದೂ, ನಡುವಿನ ಗಟ್ಟಿ ಬಂಡೆಗೆ ಕಾಳಾ ಪಾಷಾಣ ಎಂದೂ ಅವರು ಮರಾಠಿಯಲ್ಲಿ ಹೆಸರಿಟ್ಟಿದ್ದಾರೆ. ಕಾಳಾ ಪಾಷಾಣ ತಗುಲಿತೆಂದರೆ ತೋಡುವುದು ನಿಂತಿತೆಂದೇ ಅರ್ಥವಾಗಿತ್ತು.

ಎರಡು ಹರಿವುಗಳ ನಡುವೆ ಅನೇಕ ಕಡೆ ಇಟ್ಟಿಗೆ ಬಣ್ಣದ ಒಂದು ತೆಳುಪದರವಿರುತ್ತದೆ. ಮುಂದಿನ ಲಾವಾ ಬರುವ ಮೊದಲು ಕಲ್ಲು ಬಿಸಿಲು ಮಳೆಗಳಿಗೆ ಸವೆದು ಜೇಡಿಯಾಗಿ, ಆಮೇಲೆ ಮೇಲಿನ ಲಾವಾದ ಕಾವಿಗೆ ಸುಟ್ಟಂತಾಗಿ ಆದ ಪದರ ಇದು. ನೀರನ್ನು ಇದು ಸುಲಭವಾಗಿ ಕೆಳಗೆ ಬಿಡುವುದಿಲ್ಲ. ಮಳೆ ನಿಂತ ಅಕ್ಟೋಬರಿನಲ್ಲಿ ಕಾತ್ರಜ್ ಘಾಟಿನ ಹಳೆಯ ರಸ್ತೆಗಾಗಿ ಕಡಿದ ಗುಡ್ಡದ ಮೈಯನ್ನು ಒಮ್ಮೆ ನಿಂತು ನೋಡಿ. ಮೊಣಕಾಲೆತ್ತರದ ಕೆಂಪು ಪಟ್ಟಿಯೊಂದು ಅಡ್ಡಕ್ಕೆ ಸಾಗಿರುತ್ತದೆ. ಅದರ ಮೇಲಂಚಿಗೆ ಸರಿಯಾಗಿ ಜರಿಗಿಡಗಳೂ ಪಾಚಿಯೂ ಗೆರೆ ಎಳೆದಂತೆ ಬೆಳೆದಿರುತ್ತವೆ. ಗೆರೆಯ ಮೇಲೆ ಬೆರಳಿಟ್ಟರೆ ತಣ್ಣಗೆ ಒದ್ದೆಯಾಗುತ್ತದೆ, ಒಂದು ಮೊಳ ಕೆಳಗಿಟ್ಟರೆ ಧೂಳು ಹತ್ತುತ್ತದೆ. ಮರಾಠಿಯ ಝರಾ, ಕನ್ನಡದ ಒರತೆ, ಎರಡರ ಹುಟ್ಟೂ ಆ ಗೆರೆಯಲ್ಲೇ.

ನಿಮ್ಮ ಪಾರ್ಕಿಂಗ್ ಅಂತಸ್ತಿಗಾಗಿ ಗುಡ್ಡದ ಬುಡವನ್ನು ಅಗೆದಾಗ ಇಂಥದೊಂದು ಗೆರೆ ಕತ್ತರಿಸಿಹೋಗಿರುವಂತಿದೆ. ಹಿಂದೆ ಒರತೆಯಾಗಿ ಹೊರಬಂದು ಹಳ್ಳಕ್ಕೆ ಇಳಿಯುತ್ತಿದ್ದ ನೀರೇ ಈಗ ಗೋಡೆಯಿಂದ ಒಸರುತ್ತಿದೆ. ಬೋರ್‌ವೆಲ್ಲಿನ ಸಂಗತಿ ಬೇರೆ. ಮೇಲಿನ ಮುರುಂ ಕುಸಿಯದಂತೆ ಕೇಸಿಂಗ್ ಪೈಪು ಇಳಿಸುತ್ತಾರಲ್ಲ, ಎಷ್ಟೋ ಸಲ ನೀರಿರುವ ಪದರವೇ ಆ ಪೈಪಿನ ಹಿಂದೆ ಮರೆಯಾಗಿಬಿಡುತ್ತದೆ. ಅದರ ಕೆಳಗೆ ನೂರಾರು ಅಡಿ ಕಾಳಾ ಪಾಷಾಣವನ್ನು ಕೊರೆದು, ಎಲ್ಲೋ ಒಂದು ಸೀಳು ಸಿಕ್ಕರೆ ಅದರಲ್ಲಿದ್ದ ನೀರನ್ನು ಕೆಲವು ತಿಂಗಳು ಎತ್ತುತ್ತೇವೆ, ಅಷ್ಟೆ. ಕೊರೆಯುವ ಲಾರಿಯ ಪಕ್ಕದಲ್ಲಿ ನಿಂತು ಗಾಳಿಯ ರಭಸಕ್ಕೆ ಹೊರಹಾರುವ ಪುಡಿಯನ್ನು ನೋಡಿದವರಿಗೆ ಇದು ಕಣ್ಣಿಗೇ ಕಂಡಿರುತ್ತದೆ: ಬೂದು ಬಣ್ಣದ ಒಣ ಹುಡಿ ಗಂಟೆಗಟ್ಟಲೆ ಹಾರುತ್ತದೆ, ನಡುವೆ ಒಮ್ಮೆ ಕೆಂಪು ರಾಡಿ ಬರುತ್ತದೆ, ಮತ್ತೆ ಬೂದು ಹುಡಿಯೇ. ಆ ಕೆಂಪಿನ ಆಳವನ್ನು ಬರೆದಿಟ್ಟುಕೊಳ್ಳುವ ಸೊಸೈಟಿಗಳು ತೀರ ಕಡಿಮೆ. ಬರೆದಿಡಬೇಕೆಂಬುದು ನನ್ನ ಕಳಕಳಿಯ ವಿನಂತಿ.

ಈ ಕಲ್ಲಿನಲ್ಲಿ ನೀರು ಎಷ್ಟು ಕಡಿಮೆ ಹಿಡಿಯುತ್ತದೆಂಬುದಕ್ಕೆ ಒಂದು ಲೆಕ್ಕ ಕೊಡುತ್ತೇನೆ. ದೇಶದ ಅಂತರ್ಜಲ ಅಂದಾಜಿಗಾಗಿ 1997ರಲ್ಲಿ ರೂಪಿಸಿದ ಮಾನದಂಡದ ಪ್ರಕಾರ ಸವೆದ ಅಥವಾ ತೂತುಗಳುಳ್ಳ ಬಸಾಲ್ಟ್ ಬಿಟ್ಟುಕೊಡುವ ನೀರು ಅದರ ಗಾತ್ರದ ಶೇಕಡ 2 ಮಾತ್ರ. ನದಿಯ ಮರಳುಮೆಕ್ಕಲಿನದು ಶೇಕಡ 16. ಒಂದು ಘನಮೀಟರ್ ಮರಳು 160 ಲೀಟರ್ ಕೊಡುವಲ್ಲಿ ಅಷ್ಟೇ ದೊಡ್ಡ ಕಲ್ಲಿನ ತುಂಡು, ಅದೂ ಒಳ್ಳೆಯ ಕಲ್ಲು, ಕೊಡುವುದು 20 ಲೀಟರ್: ಆಫೀಸಿನಲ್ಲಿ ತಲೆಕೆಳಗಾಗಿ ಇಡುವ ಕುಡಿಯುವ ನೀರಿನ ಒಂದು ಕ್ಯಾನ್. ಅದೇ ಮಾನದಂಡದಲ್ಲಿ ಸವೆದ ಬಸಾಲ್ಟ್ ನೆಲದೊಳಗೆ ಇಂಗುವ ಮಳೆ ಶೇಕಡ 7. ಪುಣೆಯಲ್ಲಿ ವರ್ಷಕ್ಕೆ 700 ಮಿಲಿಮೀಟರ್ ಮಳೆಯೆಂದು ಹಿಡಿದರೆ ಒಂದು ಎಕರೆ ಬಯಲು ನೆಲದಲ್ಲಿ ಇಂಗುವುದು ಸುಮಾರು 2 ಲಕ್ಷ ಲೀಟರ್, ಎಂದರೆ 10,000 ಲೀಟರಿನ 20 ಟ್ಯಾಂಕರ್. ನಿಮ್ಮ ಆವರಣದಲ್ಲಿ ಕಾಂಕ್ರೀಟು ಹಾಕದೆ ಉಳಿದ ನೆಲವೆಷ್ಟು, ತಿಂಗಳಿಗೆ ತರಿಸುವ ಟ್ಯಾಂಕರ್ ಎಷ್ಟು ಎಂಬುದನ್ನು ಇದರ ಪಕ್ಕದಲ್ಲಿಟ್ಟು ನೋಡಿ. ಆಳಕ್ಕೆ ಇಳಿದರೆ ಈ ಲೆಕ್ಕ ಬದಲಾಗುವುದಿಲ್ಲ. ಇನ್ನೊಂದು ಅಪಾಯವೂ ಇದೆ. ಕೇಸಿಂಗ್ ಸರಿಯಾಗಿಲ್ಲದ ಆಳದ ಬೋರ್‌ವೆಲ್ ಮೇಲಿನ ಪದರದ ನೀರನ್ನು ಕೆಂಪು ಪದರ ದಾಟಿಸಿ ಕೆಳಗಿನ ಒಣ ಸೀಳುಗಳಿಗೆ ಇಳಿಸಿಬಿಡಬಹುದು. ಆಗ ನೆರೆಯ ತೆರೆದ ಬಾವಿಗಳಿಗೂ ಕುತ್ತು.

ಮಾಡಬೇಕಾದದ್ದು ಇಷ್ಟು. ಗೋಡೆಯಿಂದ ಒಸರುವ ನೀರನ್ನು ಚರಂಡಿಗೆ ಬಿಡದೆ ತೊಟ್ಟಿಯಲ್ಲಿ ತುಂಬಿಸಿ, ಒಳಚರಂಡಿಯ ಸೋರಿಕೆ ಬೆರೆತಿಲ್ಲವೆಂದು ಪರೀಕ್ಷೆ ಮಾಡಿಸಿಕೊಂಡು, ಶೌಚಾಲಯಕ್ಕೂ ತೋಟಕ್ಕೂ ಬಳಸಿರಿ. ಮಿಕ್ಕದ್ದನ್ನು ಹಳ್ಳಕ್ಕೆ ಮರಳಿಸಿರಿ, ಏಕೆಂದರೆ ಅದು ಮೊದಲು ಹಳ್ಳದ ನೀರೇ ಆಗಿತ್ತು. ತಾರಸಿಯ ಮಳೆನೀರನ್ನು ಇಂಗಿಸುವುದಾದರೆ ಗುಂಡಿ ಮುರುಂ ಅಥವಾ ಮಾಂಜರ್ಯಾ ಪದರಕ್ಕೆ ತಲುಪಿರಬೇಕು. ಗಟ್ಟಿ ಬಂಡೆಯ ಮೇಲೆ ತೋಡಿದ ಇಂಗುಗುಂಡಿ ಬರಿಯ ತೊಟ್ಟಿಯಾಗುತ್ತದೆ. ರಾಜ್ಯ ಸರ್ಕಾರದ ಭೂಜಲ ಸರ್ವೇಕ್ಷಣ ಇಲಾಖೆಯ ಕೇಂದ್ರ ಕಚೇರಿ ಪುಣೆಯಲ್ಲಿಯೇ ಇದೆ. ನಗರದ ನೆಲದಡಿಯ ನೀರಿನ ಪದರಗಳನ್ನು ಅಧ್ಯಯನ ಮಾಡಿರುವ ಅಕ್ವಾಡ್ಯಾಮ್ ಸಂಸ್ಥೆಯೂ ಇಲ್ಲಿಯದೇ. ಹಣ ಕೊಟ್ಟು ಕೊರೆಸುವ ಮೊದಲು ಕೇಳಿ ತಿಳಿಯಲು ದಾರಿಯಿದೆ.

ಒಂದು ಹಳೆಯ ಮಾತನ್ನೂ ಸೇರಿಸಬೇಕು. ಮರಾಠರ ರಾಜನೀತಿಯನ್ನು ಹೇಳುವ ರಾಮಚಂದ್ರಪಂತ ಅಮಾತ್ಯರ ಆಜ್ಞಾಪತ್ರದಲ್ಲಿ, ಕೋಟೆ ಕಟ್ಟುವ ಮೊದಲು ನೀರು ನೋಡಬೇಕು, ಒರತೆಯೊಂದಿದೆಯೆಂದು ನೆಚ್ಚಿ ಕೂಡಬಾರದು, ಕಲ್ಲು ಒಡೆದು ತೊಟ್ಟಿಗಳನ್ನು ಮಾಡಿಸಬೇಕು ಎಂಬ ಕಟ್ಟಳೆಯಿದೆ. ಯುದ್ಧದಲ್ಲಿ ತೋಪುಗಳ ಸದ್ದಿಗೆ ಒರತೆ ಕ್ಷೀಣಿಸುತ್ತದೆ, ನೀರಿನ ಖರ್ಚು ಮಾತ್ರ ಹೆಚ್ಚುತ್ತದೆ ಎಂಬ ಕಾರಣವನ್ನೂ ಅಲ್ಲಿ ಕೊಟ್ಟಿದೆ. ಸಿಂಹಗಡದ ದೇವಟಾಕೆ, ಶಿವನೇರಿಯ ಗಂಗಾ ಜಮುನಾ ಟಾಕೆಗಳಲ್ಲಿ ಇಂದಿಗೂ ತಂಪು ನೀರಿರುವುದು ಪದರಗಳನ್ನು ಅರಿತು ಕಡಿದವರ ಜಾಣ್ಮೆಯಿಂದ.

ಪ್ರಶ್ನೆ: ಮಗನನ್ನು ನೋಡಲು ಜಪಾನಿಗೆ ಹೋಗಿದ್ದಾಗ ಫ್ಯೂಜಿ ಪರ್ವತದ ಬುಡದಲ್ಲಿ ವರ್ಷವಿಡೀ ಒಂದೇ ಸಮ ಉಕ್ಕುವ ಚಿಲುಮೆಗಳನ್ನು ಕಂಡೆವು. ಅದೂ ಲಾವಾ ಕಲ್ಲು, ನಮ್ಮ ಸಹ್ಯಾದ್ರಿಯೂ ಲಾವಾ ಕಲ್ಲು. ನಮ್ಮ ಹೊಳೆಗಳೇಕೆ ಜುಲೈಯಲ್ಲಿ ಉಕ್ಕಿ ಫೆಬ್ರವರಿಯಲ್ಲಿ ಬತ್ತುತ್ತವೆ? — ಮುಲುಂಡ್, ಮುಂಬಯಿ

ಉತ್ತರ: ವಯಸ್ಸಿನ ಅಂತರವೇ ಮುಖ್ಯ ಕಾರಣ. ಫ್ಯೂಜಿ ಎಳೆಯ ಪರ್ವತ. ಅದರ ಕೊನೆಯ ಸ್ಫೋಟ ನಡೆದದ್ದು 1707ರಲ್ಲಿ. ಅದರ ಲಾವಾದ ತೂತುಗಳೂ ಬಿರುಕುಗಳೂ ಇನ್ನೂ ತೆರೆದೇ ಇರುವುದರಿಂದ ಬಿದ್ದ ಮಳೆ, ಕರಗಿದ ಹಿಮ ಎಲ್ಲವೂ ಒಳಗಿಳಿಯುತ್ತದೆ. ಮೇಲಿನ ಇಳಿಜಾರಿನಲ್ಲಿ ವರ್ಷವಿಡೀ ಹರಿಯುವ ಹಳ್ಳವನ್ನು ಕಾಣುವುದೇ ಅಪರೂಪ. ಹಾಗೆ ಇಳಿದ ನೀರು ಎಷ್ಟೋ ವರ್ಷ ಕಲ್ಲಿನೊಳಗೆ ನಡೆದು ಬುಡದಲ್ಲಿ ಚಿಲುಮೆಯಾಗುತ್ತದೆ. ಅಲ್ಲಿನ ಕಾಕಿತಾ ಎಂಬ ಹೊಳೆಯ ಉದ್ದ 1.2 ಕಿಲೋಮೀಟರ್ ಮಾತ್ರವಾದರೂ ಚಿಲುಮೆಗಳಿಂದಲೇ ಅದು ತುಂಬಿ ಹರಿಯುತ್ತದೆ. ಒಂದು ವರ್ಷ ಮಳೆ ಹಿಂದುಮುಂದಾದರೆ ಅಂಥ ಹೊಳೆಗೆ ಬೇಗ ತಿಳಿಯುವುದೇ ಇಲ್ಲ.

ನಮ್ಮ ಕಲ್ಲಿಗೆ 6.6 ಕೋಟಿ ವರ್ಷಗಳಾಗಿವೆ. ಇಷ್ಟು ಕಾಲ ಅದರೊಳಗೆ ಹರಿದ ನೀರೇ ತಾನು ಕರಗಿಸಿಕೊಂಡು ತಂದ ಖನಿಜಗಳನ್ನು ತೂತುಗಳಲ್ಲಿ ಇಳಿಸುತ್ತ ಬಂದಿದೆ. ರಸ್ತೆಗಾಗಿ ಒಡೆದ ಕಲ್ಲುಗಳಲ್ಲಿ ಒಂದನ್ನು ಕೈಗೆತ್ತಿಕೊಂಡರೆ ಕಪ್ಪು ಮೈಮೇಲೆ ಅವಲಕ್ಕಿ ಎರಚಿದಂತೆ ಬಿಳಿ ಚುಕ್ಕೆಗಳು ಕಾಣುತ್ತವೆ. ಜಿಯೊಲೈಟ್, ಕ್ಯಾಲ್ಸೈಟ್, ಸ್ಫಟಿಕ ಶಿಲೆ ಮೊದಲಾದವು ತುಂಬಿಕೊಂಡ ಹಳೆಯ ಗುಳ್ಳೆಗಳು ಅವು. ಪುಣೆ ಸುತ್ತಲಿನ ಕಲ್ಲುಗಣಿಗಳ ಜಿಯೊಲೈಟ್ ಹರಳುಗಳು ಜಗತ್ತಿನ ವಸ್ತುಸಂಗ್ರಹಾಲಯಗಳಲ್ಲಿ ಹೆಸರುವಾಸಿ. ಹರಳಿನಿಂದ ತುಂಬಿದ ತೂತಿನಲ್ಲಿ ನೀರಿಗೆ ಜಾಗವಿಲ್ಲ. ಮೇಲೆ ಹೇಳಿದ ಕೆಂಪು ಪದರಗಳೂ ನಿಬಿಡ ಬಂಡೆಯೂ ನೀರಿನ ಇಳಿತವನ್ನು ತಡೆದು ಪಕ್ಕಕ್ಕೆ ತಿರುಗಿಸುತ್ತವೆ. ಮೇಲಿನ ಮಣ್ಣೂ ಬಸಾಲ್ಟಿನ ಕೂಸೇ. ವಿಜಯಪುರ, ಕಲಬುರಗಿ ಕಡೆಯಿಂದ ಬಂದವರಿಗೆ ಎರೆಹೊಲದ ಗುಣ ಗೊತ್ತು: ಬೇಸಗೆಯಲ್ಲಿ ಕಾಲು ಸಿಕ್ಕಿಬೀಳುವಷ್ಟು ಬಿರಿದು ಮೊದಲ ಮಳೆಯನ್ನು ಕುಡಿಯುತ್ತದೆ, ಎರಡು ಮಳೆಗೆ ಉಬ್ಬಿ ಬಾಯಿ ಮುಚ್ಚಿಕೊಂಡು ಉಳಿದ ನೀರನ್ನೆಲ್ಲ ಹಳ್ಳಕ್ಕೆ ಅಟ್ಟುತ್ತದೆ. ಹೀಗಾಗಿ ಜುಲೈಯಲ್ಲಿ ತಾಮ್ಹಿಣಿ ಘಾಟಿನಲ್ಲಿ ಧುಮ್ಮಿಕ್ಕುವ ಜಲಪಾತಗಳಲ್ಲಿ ಹೆಚ್ಚಿನವು ಡಿಸೆಂಬರಿನ ಹೊತ್ತಿಗೆ ಬಂಡೆಯ ಮೇಲಿನ ಕಪ್ಪು ಕಲೆಗಳಾಗಿ ಉಳಿಯುತ್ತವೆ. ಮೂಲತಃ ಮುಠಾ, ಮುಳಾ, ಉಲ್ಹಾಸ್ ನದಿಗಳು ಮಳೆಯ ನಂತರವೂ ಕೆಲ ಕಾಲ ಹರಿಯುತ್ತಿದ್ದುದು ಒರತೆಗಳ ಬಲದಿಂದ. ಆ ಪಾಲು ಚಿಕ್ಕದಾದ್ದರಿಂದಲೇ ಅದನ್ನು ಕಳೆದುಕೊಂಡರೆ ನದಿಗೆ ಉಳಿಯುವುದು ಕೊಳಚೆಯಷ್ಟೇ.

ವಯಸ್ಸಿನ ಈ ಮಾತಿಗೆ ಅಮೆರಿಕದ ಆರಿಗನ್ ರಾಜ್ಯದ ಕ್ಯಾಸ್ಕೇಡ್ಸ್ ಪರ್ವತಗಳಲ್ಲಿ ಸ್ಪಷ್ಟ ಸಾಕ್ಷಿಯಿದೆ. ಒಂದೇ ಶ್ರೇಣಿಯ ಪೂರ್ವದ ಎಳೆಯ ಲಾವಾದಲ್ಲಿ ಹುಟ್ಟುವ ತೊರೆಗಳು ಬೇಸಗೆಯಲ್ಲೂ ಸಮನಾಗಿ ಹರಿಯುತ್ತವೆ. ಪಶ್ಚಿಮದ ಹಳೆಯ ಲಾವಾದಲ್ಲಿ ಹುಟ್ಟುವವು ನಮ್ಮವುಗಳಂತೆ ಮಳೆಗೆ ಉಕ್ಕಿ ಬೇಗ ಸೊರಗುತ್ತವೆ.

ಪ್ರಶ್ನೆ: ವಜ್ರೇಶ್ವರಿ, ಗಣೇಶಪುರಿಗಳ ಬಿಸಿನೀರಿನ ಕುಂಡಗಳ ಕೆಳಗೆ ಜ್ವಾಲಾಮುಖಿ ಇನ್ನೂ ಜೀವಂತವಾಗಿದೆಯೇ? — ಭಿವಂಡಿ

ಉತ್ತರ: ಇಲ್ಲ, ನಿಶ್ಚಿಂತರಾಗಿರಿ. ಆ ಲಾವಾ ಆರಿಹೋಗಿ ಕೋಟ್ಯಂತರ ವರ್ಷಗಳಾಗಿವೆ. ತಾನ್ಸಾ ನದಿಯ ದಂಡೆಯ ಈ ಕುಂಡಗಳಿಂದ ಹಿಡಿದು ರತ್ನಾಗಿರಿ ಜಿಲ್ಲೆಯ ತುರಳ್, ರಾಜಾಪುರಗಳವರೆಗೆ ಕೊಂಕಣದಲ್ಲಿ ಬಿಸಿನೀರಿನ ಚಿಲುಮೆಗಳ ಒಂದು ಸಾಲೇ ಇದೆ. ಅವುಗಳಲ್ಲಿ ಕೆಲವು ಬೆಚ್ಚಗಿವೆ, ಕೆಲವು ಕೈಯಿಡಲಾಗದಷ್ಟು ಸುಡುತ್ತವೆ. ಭೂಮಿಯೊಳಗೆ ಒಂದು ಕಿಲೋಮೀಟರ್ ಇಳಿದಂತೆ ಶಾಖ ಸಾಮಾನ್ಯವಾಗಿ 25ರಿಂದ 30 ಡಿಗ್ರಿ ಏರುತ್ತದೆ. ಮಳೆನೀರು ಆಳವಾದ ಸೀಳುಗಳಲ್ಲಿ ಒಂದೆರಡು ಕಿಲೋಮೀಟರ್ ಇಳಿದು, ಕಾದು, ಬೇರೊಂದು ಸೀಳಿನಲ್ಲಿ ಬೇಗನೆ ಮೇಲೇರಿದರೆ ಇಷ್ಟು ಬಿಸಿಯಾಗಲು ಸಾಕು. ಇಲ್ಲಿ ಮುಖ್ಯವಾದದ್ದು ಸೀಳು. ಕರಾವಳಿಗೆ ಸಮಾನಾಂತರವಾಗಿ ಇಲ್ಲಿನ ಪದರಗಳು ಬಾಗಿ ಬಿರಿದಿರುವುದರಿಂದ ನೀರಿಗೆ ಆ ದಾರಿ ಸಿಕ್ಕಿದೆ.

ನೀವು ದಕ್ಷಿಣ ಕನ್ನಡದವರೆಂದು ಬರೆದಿದ್ದೀರಿ. ಪುತ್ತೂರಿನ ಬಳಿ ಇರ್ದೆಯ ಬೆಂದ್ರ್ ತೀರ್ಥವನ್ನು ನೀವು ನೋಡಿರಬಹುದು. ಅಲ್ಲಿ ಡೆಕ್ಕನ್ ಲಾವಾದ, ಎಂದರೆ ನಾವು ಇಲ್ಲಿಯವರೆಗೆ ಹೇಳುತ್ತ ಬಂದ ಸಹ್ಯಾದ್ರಿಯ ಲಾವಾದ, ಸುಳಿವೇ ಇಲ್ಲ, ಆದರೂ ನೀರು ಬೆಚ್ಚಗೆ ಬರುತ್ತದೆ. ಬಿಸಿನೀರಿಗೆ ಜ್ವಾಲಾಮುಖಿ ಬೇಕಿಲ್ಲವೆಂಬುದಕ್ಕೆ ಇದಕ್ಕಿಂತ ಹತ್ತಿರದ ನಿದರ್ಶನ ಸಿಗಲಾರದು.

ಪ್ರಶ್ನೆ: ಚರ್ಚ್‌ಗೇಟ್ ಬಳಿಯ ಭೀಖಾ ಬೆಹ್ರಾಮ್ ಬಾವಿಯ ನೀರು ಸಮುದ್ರ ಅಷ್ಟು ಹತ್ತಿರವಿದ್ದರೂ ಸಿಹಿಯಾಗಿರುವುದು ಹೇಗೆ? — ಮಾಟುಂಗಾ, ಮುಂಬಯಿ

ಉತ್ತರ: 1725ರಲ್ಲಿ ತೋಡಿಸಿದ ಆ ಬಾವಿಯನ್ನು ಪಾರ್ಸಿಗಳು ಪವಿತ್ರವೆಂದು ಕಾಪಾಡಿಕೊಂಡು ಬಂದಿದ್ದಾರೆ. ಸಿಹಿನೀರು ಉಪ್ಪುನೀರಿಗಿಂತ ಹಗುರ; ಆದ್ದರಿಂದ ನೆಲದೊಳಗೆ ಇಂಗಿದ ಮಳೆನೀರು ಸಮುದ್ರದ ನೀರಿನ ಮೇಲೆ ತೇಲುತ್ತ ನಿಲ್ಲುತ್ತದೆ. ಸಮುದ್ರಮಟ್ಟಕ್ಕಿಂತ ಒಂದು ಅಡಿ ಮೇಲೆ ಸಿಹಿನೀರಿದ್ದರೆ ಅದರ ಕೆಳಗೆ ಸುಮಾರು 40 ಅಡಿಯಷ್ಟು ಸಿಹಿನೀರು ಇರಬಹುದೆಂದು ಲೆಕ್ಕ. ಕೊಡದಿಂದ ಸೇದುವವರೆಗೆ ಈ ಸಮತೋಲ ಕೆಡುವುದಿಲ್ಲ. ಒಂದು ಅಡಿ ನೀರನ್ನು ಪಂಪಿನಿಂದ ತಗ್ಗಿಸಿದರೆ ಉಪ್ಪು 40 ಅಡಿ ಮೇಲೇರಲು ಹೊರಡುತ್ತದೆ. ವಾಲುಕೇಶ್ವರದ ಬಾಣಗಂಗೆ ಎಂಬ ಸಿಹಿನೀರಿನ ಕೊಳಕ್ಕೆ ಮಲಬಾರ್ ಹಿಲ್‌ನ ಕಲ್ಲುದಿಬ್ಬದ ಆಸರೆಯೂ ಉಂಟು: ಮುಂಬಯಿಯ ಲಾವಾ ಪದರಗಳು ಪಡುವಣಕ್ಕೆ ವಾಲಿರುವುದರಿಂದ ದಿಬ್ಬದಲ್ಲಿ ಇಂಗಿದ ನೀರು ಕಡಲ ಕಡೆಗೇ ಸರಿಯುತ್ತದೆ.

ಪ್ರಶ್ನೆ: ನಾವು ವೆರ್ಣಾದ ಪ್ರಸ್ಥಭೂಮಿಯ ಕೆಳಗೆ ವಾಸವಾಗಿದ್ದೇವೆ. ಇಲ್ಲಿ ಕರಿಕಲ್ಲಿಲ್ಲ, ಎಲ್ಲೆಲ್ಲೂ ನಮ್ಮೂರಿನಂತೆ ಮುರಕಲ್ಲು. ನೀವು ಬರೆಯುವ ಲಾವಾ ಗೋವಾದಲ್ಲಿ ಇಲ್ಲವೆ? ಇಲ್ಲಿನ ಝರಿಗಳು ಎಲ್ಲಿಂದ ಬರುತ್ತವೆ? — ವೆರ್ಣಾ, ಗೋವಾ

ಉತ್ತರ: ಡೆಕ್ಕನ್ ಲಾವಾ ಗೋವಾದ ಈಶಾನ್ಯದ ಮೂಲೆಯಲ್ಲಿ, ಸತ್ತರಿಯ ಘಟ್ಟದ ಕಡೆ, ಸ್ವಲ್ಪ ಮಾತ್ರ ಕಾಣಸಿಗುತ್ತದೆ. ಉಳಿದ ನೆಲದ ಕಲ್ಲು ಅದಕ್ಕಿಂತ ಬಹಳ ಹಳೆಯದು. ಆದರೆ ಮುರಕಲ್ಲು ಎಂಬುದು ಯಾವುದೋ ಒಂದೇ ಕಲ್ಲಿನ ಮಗುವಲ್ಲ. ಬಿಸಿಲು ಮಳೆಗಳು ಜೋರಾಗಿರುವಲ್ಲಿ ಯಾವ ಕಲ್ಲೇ ಆಗಲಿ ಸವೆದು, ಕರಗುವ ಅಂಶವೆಲ್ಲ ತೊಳೆದುಹೋಗಿ, ಕಬ್ಬಿಣ ಮತ್ತು ಅಲ್ಯೂಮಿನಿಯಂ ಉಳಿದು ಗಟ್ಟಿಯಾದದ್ದು. ಮಹಾಬಳೇಶ್ವರದಲ್ಲಿ ಅದು ಲಾವಾದ ಮೇಲೆಯೇ ಟೋಪಿಯಂತೆ ಕುಳಿತಿದೆ, ಕೃಷ್ಣೆ ಹುಟ್ಟುವುದು ಆ ಬೆಟ್ಟದ ಒರತೆಗಳಿಂದ. ಬೀದರಿನಲ್ಲಿಯೂ ಲಾವಾದ ಮೇಲೆ ಜಂಬಿಟ್ಟಿಗೆಯ, ಎಂದರೆ ಇದೇ ಮುರಕಲ್ಲಿನ, ಹೊದಿಕೆಯಿದೆ. ಅದರೊಳಗೆ ನೀರು ಹರಿಯುವುದನ್ನು ಅರಿತೇ ಬಹಮನಿಯರ ಕಾಲದಲ್ಲಿ ಅಲ್ಲಿ ನೆಲದಡಿಯ ಕಾರೇಜ್ ಕಾಲುವೆಗಳನ್ನು ಕೊರೆದರು.

ನಿಮ್ಮ ಝರಿಗಳ ಗುಟ್ಟು ಮುರಕಲ್ಲಿನ ಕೆಳಗಿದೆ. ಮೇಲಿನ ಕಲ್ಲು ಜೇನುಗೂಡಿನಂತೆ ಇರುವುದರಿಂದ ಮಳೆ ಸರಾಗವಾಗಿ ಇಳಿಯುತ್ತದೆ. ಅದರಡಿಯಲ್ಲಿ ಕರಾವಳಿಯವರು ಶೇಡಿಮಣ್ಣು ಎನ್ನುವ ನುಣ್ಣನೆಯ ಬಿಳಿ ಜೇಡಿ ಇರುತ್ತದೆ, ಅದು ನೀರನ್ನು ಕೆಳಗೆ ಬಿಡದೆ ಪಕ್ಕಕ್ಕೆ ನಡೆಸುತ್ತದೆ. ಪುಣೆಯ ಗುಡ್ಡದಲ್ಲಿ ಕೆಂಪು ಪದರ ಮಾಡುವ ಕೆಲಸವನ್ನೇ ಇಲ್ಲಿ ಶೇಡಿ ಮಾಡುತ್ತದೆ. ಪ್ರಸ್ಥಭೂಮಿಯ ಅಂಚು ಕಡಿದಲ್ಲಿ ನೀರು ಹೊರಬರುತ್ತದೆ. ನಿಮ್ಮ ಹತ್ತಿರದ ಕೇಸರವಾಳದ ಝರಿ ಅಂಥದು. ಗೋವಾದಲ್ಲಿ ವರ್ಷಕ್ಕೆ ಸುಮಾರು 3,000 ಮಿಲಿಮೀಟರ್ ಮಳೆ ಸುರಿದರೂ ಮೇ ತಿಂಗಳಲ್ಲಿ ಬಾವಿ ತಳ ಕಾಣುವುದಕ್ಕೆ, ಇಷ್ಟು ಸುಲಭವಾಗಿ ಇಳಿದ ನೀರು ಅಷ್ಟೇ ಸುಲಭವಾಗಿ ಅಂಚುಗಳಿಂದ ಸೋರಿಹೋಗುವುದೇ ಕಾರಣ.

ಹುಲ್ಲೂ ಬೆಳೆಯದ ಬೋಳು ಸಡಾ, ಏನು ಕಟ್ಟಿದರೂ ನಷ್ಟವಿಲ್ಲ ಎಂದು ಪ್ರಸ್ಥಭೂಮಿಯ ಬಗ್ಗೆ ಹೇಳುವುದನ್ನು ನಾನು ಬಹಳ ಸಲ ಕೇಳಿದ್ದೇನೆ, ಕೇಳಿದಾಗಲೆಲ್ಲ ಸಂಕಟವಾಗುತ್ತದೆ. ಆ ಬೋಳು ಕಲ್ಲೇ ಝರಿಯ ಬಾಯಿ. ಮೇಲೆ ಡಾಂಬರು, ಕಾಂಕ್ರೀಟು ಹರಡಿದರೆ ಕೆಳಗಿನ ಝರಿ ಸಣ್ಣಗಾಗುತ್ತದೆ. ಮೇಲೆ ಕೊಳೆ ಚೆಲ್ಲಿದರೆ, ಸೋಸುವ ಮಣ್ಣು ಕಡಿಮೆಯಿರುವುದರಿಂದ, ಅದು ಬೇಗನೆ ಕೆಳಗಿನ ಕೊಡಕ್ಕೆ ಬರುತ್ತದೆ. ನಿಮ್ಮ ಮನೆಯ ಹತ್ತಿರದ ಝರಿಯ ಕೆಳಗೆ 10 ಲೀಟರಿನ ಬಕೆಟ್ ಇಟ್ಟು ಅದು ತುಂಬಲು ಹಿಡಿಯುವ ಸೆಕೆಂಡುಗಳನ್ನು ಪ್ರತಿ ತಿಂಗಳ ಒಂದೇ ತಾರೀಖಿಗೆ ಬರೆದಿಡಿ. ಎರಡು ಮಳೆಗಾಲ ದಾಟಿದ ಮೇಲೆ ಆ ಹಾಳೆಯನ್ನು ನಮಗೆ ಕಳುಹಿಸಿದರೆ ಇದೇ ಅಂಕಣದಲ್ಲಿ ಪ್ರಕಟಿಸುತ್ತೇವೆ.